ಹನ್ನೊಂದನೇ ದಾರಿಯ ಸೇತುವೆ

ಇಷ್ಟೆಲ್ಲ ಆದದ್ದು ಒಂದು ಬಾಲದಿಂದ. ಬಾಲ ಬೆಕ್ಕಿನದು. ಆದರೆ ಆ ಶುಕ್ರವಾರ ಬೆಳಿಗ್ಗೆ ಹತ್ತೂಕಾಲಿಗೆ ಕಚೇರಿಯಲ್ಲಿದ್ದ ಯಾರಿಗೂ ಅದು ಗೊತ್ತಿರಲಿಲ್ಲ, ಒಬ್ಬನನ್ನು ಬಿಟ್ಟು. ಆ ಒಬ್ಬನೋ, ಬಾಯಿ ಬಿಡುವ ಸ್ಥಿತಿಯಲ್ಲಿರಲಿಲ್ಲ.

ಅವನನ್ನು ಕಚೇರಿಯವರು ಅಲ್ಪವಿರಾಮ ಎಂದು ಕರೆಯುತ್ತಿದ್ದರು. ಅವನ ಕೆಲಸ ಪ್ರೂಫ್ ನೋಡುವುದು. ಬಿಟ್ಟುಹೋದ ಅಲ್ಪವಿರಾಮಗಳನ್ನು ಹುಡುಕಿ ಹುಡುಕಿ ಹಾಕುವುದರಲ್ಲಿ ಅವನಿಗೆ ಸಿಗುತ್ತಿದ್ದ ಸುಖ ಬೇರೆಯವರಿಗೆ ಮದುವೆ ಮನೆಯಲ್ಲೂ ಸಿಗುತ್ತಿರಲಿಲ್ಲ. ಆದರೆ ಹೆಸರು ಬಂದದ್ದು ಅದಕ್ಕಲ್ಲ. ಎರಡನೇ ಮಹಡಿಯ ಕಚೇರಿಗೆ ಹತ್ತಿ ಬರುವಾಗ ಪ್ರತಿ ಏಳು ಮೆಟ್ಟಿಲಿಗೊಮ್ಮೆ ನಿಂತು, ಗೋಡೆಗೆ ಕೈ ಕೊಟ್ಟು, ಉಸಿರು ಎಳೆದುಕೊಂಡು ಮುಂದೆ ಹೋಗುತ್ತಿದ್ದನಲ್ಲ, ಅದಕ್ಕೆ.

ಇಂಥವನಿಗೆ ದೇವರು ಕೊಟ್ಟ ನೌಕರಿ ಬೆಟ್ಟ ಹತ್ತುವವರ ನಕ್ಷೆ ತಯಾರಿಸುವ ಕಚೇರಿಯಲ್ಲಿ. ಬೇಸಿಗೆಯ ಮೊದಲ ವಾರಗಳಲ್ಲಿ, ಬಿಸಿಲಿಗೆ ಇನ್ನೂ ಹಲ್ಲು ಬಂದಿರದಾಗ, ಊರಿನ ಅರ್ಧ ಜನ ಬೆನ್ನಿಗೆ ಚೀಲ ಏರಿಸಿಕೊಂಡು ಸುತ್ತಲಿನ ಬೆಟ್ಟಗಳಿಗೆ ಹೊರಡುತ್ತಿದ್ದರು. ಒಟ್ಟು ಹನ್ನೊಂದು ದಾರಿ. ಹನ್ನೊಂದನ್ನೂ ಗುರುತಿಸಿದ ನಕ್ಷೆ ಪ್ರತಿ ವರ್ಷ ಹೊಸದಾಗಿ ಅಂಗಡಿಗಳಿಗೆ ಬರಬೇಕು. ಕಚೇರಿಯ ಮುಖ್ಯಸ್ಥೆ, ಎಲ್ಲರೂ ಬರಿದೇ ಮೇಡಂ ಎನ್ನುವವರು, ಒಂದು ನಿಯಮ ಮಾಡಿಟ್ಟಿದ್ದರು. ಪ್ರತಿಯೊಂದು ದಾರಿಯನ್ನೂ ಕಚೇರಿಯವರೊಬ್ಬರು ಖುದ್ದಾಗಿ ನಡೆಯಬೇಕು, ಫೋಟೋ ತರಬೇಕು, ವರದಿಯ ಕೆಳಗೆ ‘ನಡೆದು ನೋಡಿದೆ’ ಎಂಬ ರಬ್ಬರ್ ಮೊಹರು ಒತ್ತಿ ಸಹಿ ಹಾಕಬೇಕು.

ಮೇಡಂ ಹೇಳಿದ್ದನ್ನು ತಾವೂ ಮಾಡುವವರು. ಅವರ ಕುರ್ಚಿಯ ಹಿಂದಿನ ಗೋಡೆಯಲ್ಲಿ ಒಂದನೇ ದಾರಿಯ ಫೋಟೋ ಕಟ್ಟು ಹಾಕಿಸಿಕೊಂಡು ಕೂತಿತ್ತು. ಬೆಳಗಿನ ಬೆಳಕು, ದಟ್ಟ ಮರಗಳು, ಗಾಜಿನಂಥ ತೊರೆ. ದೂರದಲ್ಲಿ, ಬೆಟ್ಟದ ನೆತ್ತಿಯ ಮೇಲೆ, ಕೆಂಪು ಟೋಪಿ ಹಾಕಿಕೊಂಡು ಸೊಂಟದ ಮೇಲೆ ಒಂದು ಕೈ ಇಟ್ಟು ನಿಂತ ಮೇಡಂ, ಅಕ್ಕಿಕಾಳಿನಷ್ಟು. ಹೊಸದಾಗಿ ಕೆಲಸಕ್ಕೆ ಸೇರಿದವರನ್ನೆಲ್ಲ ಮೊದಲು ಆ ಫೋಟೋದ ಮುಂದೆ ನಿಲ್ಲಿಸುತ್ತಿದ್ದರು.

ಅಲ್ಪವಿರಾಮ ಹದಿನಾಲ್ಕು ವರ್ಷ ಈ ನಿಯಮದಿಂದ ತಪ್ಪಿಸಿಕೊಂಡಿದ್ದ. ಪ್ರೂಫ್ ಇದೆ, ನೆಗಡಿ ಇದೆ, ಮತ್ತೊಮ್ಮೆ ಪ್ರೂಫ್ ಇದೆ. ಈ ವರ್ಷ ಒಬ್ಬರು ನಿವೃತ್ತರಾಗಿ ಹನ್ನೊಂದನೇ ದಾರಿ ಅನಾಥವಾಯಿತು. ಅದು ಬಂದು ಇವನ ಕೊರಳಿಗೆ ಬಿತ್ತು.

ಹೋದ ಭಾನುವಾರ ಅವನು ಹೊರಟದ್ದು ನಿಜ. ಬಸ್ಸಿನಲ್ಲಿ ಬೆಟ್ಟದ ಬುಡದವರೆಗೂ ಹೋದದ್ದೂ ನಿಜ. ಇಳಿದು, ತಲೆ ಎತ್ತಿ ನೋಡಿದ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ಇದು ದೂರದಿಂದಲೇ ಒರಟಾಗಿತ್ತು. ಡ್ರೈವರು ಬಸ್ಸು ತಿರುಗಿಸುತ್ತಿದ್ದ. ಅಲ್ಪವಿರಾಮ ಅದೇ ಬಸ್ಸು ಹತ್ತಿ ಮನೆಗೆ ಬಂದ.

ಮನೆಯಲ್ಲಿ ಅಪ್ಪ ಬೆಟ್ಟ ಮುಗಿಸಿ ಕೂತಿದ್ದರು.

ಅಪ್ಪ ಮೂವತ್ತೈದು ವರ್ಷ ಗಡಿಯಾರ ರಿಪೇರಿ ಮಾಡಿದವರು. ಅಂಗಡಿ ಮುಚ್ಚಿದ ಮೇಲೆ ಕೈ ಸುಮ್ಮನಿರಲಿಲ್ಲ. ಒಂದು ಪುಟಾಣಿ ರೈಲು ತಂದರು. ರೈಲಿಗೆ ಹಳಿ ಬೇಕಾಯಿತು, ಹಳಿಗೆ ಹಲಗೆ, ಹಲಗೆಗೆ ಕೋಣೆ. ಈಗ ಮಹಡಿಯ ಕೋಣೆಯ ತುಂಬ ಎರಡು ಸ್ಟೇಷನ್ನು, ಒಂದು ಸುರಂಗ, ಏಳು ಸಿಗ್ನಲ್ಲು. ಒಳಗೆ ಹೋಗಬೇಕಾದರೆ ಹಲಗೆಯ ಅಡಿ ತೂರಿಕೊಂಡೇ ಹೋಗಬೇಕು. ಸುರಂಗಕ್ಕೊಂದು ಬೆಟ್ಟ ಬೇಕಲ್ಲ? ಮಗ ಕಚೇರಿಯಿಂದ ರದ್ದಿಗೆಂದು ತರುತ್ತಿದ್ದ ಪ್ರೂಫ್ ಹಾಳೆಗಳಲ್ಲಿ ಹನ್ನೊಂದನೇ ದಾರಿಯದು ಕೈಗೆ ಸಿಕ್ಕಿತು. ಅಪ್ಪ ಅದರಲ್ಲಿದ್ದ ಎತ್ತರದ ಗೆರೆಗಳನ್ನು ಒಂದೊಂದಾಗಿ ರಟ್ಟಿನ ಮೇಲೆ ಇಳಿಸಿ, ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಮೇಲೆ ಗಾರೆ ಮೆತ್ತಿ, ಬೆಂಕಿಕಡ್ಡಿಯ ಬೇಲಿ ಹಾಕಿ, ಸ್ಪಂಜಿನ ಮರ ನೆಟ್ಟು, ವಾರ್ನಿಷಿನ ತೊರೆ ಹರಿಸಿ ಬೆಟ್ಟ ಎಬ್ಬಿಸಿದರು. ಕಡ್ಡಿಯನ್ನು ಗುಡ್ಡ ಮಾಡುವುದು ಅನ್ನುವ ಮಾತನ್ನು ಆ ಮನೆಯಲ್ಲಿ ಯಾರೂ ಬೈಗುಳವಾಗಿ ಬಳಸುತ್ತಿರಲಿಲ್ಲ.

“ಒಳ್ಳೇ ಹೊತ್ತಿಗೆ ಬಂದೆ. ನನ್ನ ಆಲ್ಬಮ್ಮಿಗೆ ನಾಲ್ಕು ಫೋಟೋ ಹೊಡಿ,” ಎಂದಿದ್ದರು ಅಪ್ಪ.

ಹೊಡೆದ. ಫೋನಿನಲ್ಲಿ ನೋಡಿದ. ಹಳಿ ಕಾಣದ ಕಡೆಯಿಂದ ನೋಡಿದರೆ ಥೇಟ್ ಬೆಟ್ಟ. ಮನುಷ್ಯ ಕೆಡುವುದು ಇಂಥ ಹೊತ್ತಿನಲ್ಲೇ. ಸೋಮವಾರ ಆ ನಾಲ್ಕು ಫೋಟೋ ವರದಿಯ ಜೊತೆ ಸೇರಿದವು, ಕೆಳಗೆ ‘ನಡೆದು ನೋಡಿದೆ’ ಬಿತ್ತು. ಮನೆಯ ಬೆಕ್ಕು ದಿನಾ ಬೆಳಿಗ್ಗೆ ಹಳಿಯ ಉದ್ದಕ್ಕೂ ನಡೆದು ತಪಾಸಣೆ ಮಾಡುತ್ತಿದ್ದುದರಿಂದ ಅಪ್ಪ ಅದಕ್ಕೆ ಗ್ಯಾಂಗ್‌ಮನ್ ಎಂದು ಹೆಸರಿಟ್ಟಿದ್ದರು. ಎರಡನೇ ಫೋಟೋ ತೆಗೆಯುವಾಗ ಗ್ಯಾಂಗ್‌ಮನ್ ಅಲ್ಲೇ ಡ್ಯೂಟಿಯ ಮೇಲಿತ್ತು. ಅದನ್ನು ಅಲ್ಪವಿರಾಮ ಗಮನಿಸಲಿಲ್ಲ. ಬೇರೆಯವರ ತಪ್ಪು ಹುಡುಕುವ ಕಣ್ಣಿಗೆ ತನ್ನದು ಯಾವತ್ತು ಕಂಡಿದೆ?

ಶುಕ್ರವಾರ ಸಂಜೆ ಐದಕ್ಕೆ ನಕ್ಷೆ ಪ್ರೆಸ್ಸಿಗೆ ಹೋಗಬೇಕು. ಶನಿವಾರ ಅಂಗಡಿಗೆ. ಭಾನುವಾರ ಜನ ಬೆಟ್ಟಕ್ಕೆ. ಬೆಳಿಗ್ಗೆ ಮೇಡಂ ಹೊರಬಂದು, “ಹನ್ನೊಂದನೇ ದಾರಿ ಫೋಟೋನೇ ಮುಖಪುಟಕ್ಕೆ ಹಾಕೋಣ. ಏನು ಸ್ಪಷ್ಟ, ಏನು ಬೆಳಕು! ಒಂದು ಎಲೆ ಅಲ್ಲಾಡಿಲ್ಲ,” ಎಂದರು.

“ಹೌದು ಮೇಡಂ, ಅವತ್ತು ಗಾಳಿ ಇರಲಿಲ್ಲ,” ಎಂದ ಅಲ್ಪವಿರಾಮ. ಸುಳ್ಳಲ್ಲ. ಅಪ್ಪ ಫ್ಯಾನ್ ಹಾಕಲು ಬಿಡುವುದಿಲ್ಲ, ಮರ ಹಾರುತ್ತವೆ ಅಂತ.

ಫೋಟೋವನ್ನು ದೊಡ್ಡದು ಮಾಡಲು ಕೂತವರು ಬಣ್ಣದ ಅಕ್ಕ. ನಕ್ಷೆಗೆ ಬಣ್ಣ ತುಂಬುವವರು, ಮೊಮ್ಮಗಳನ್ನು ಕಂಡವರು, ಇಡೀ ಕಚೇರಿಗೆ ಅಕ್ಕ. ದೊಡ್ಡದು ಮಾಡುತ್ತಾ ಮಾಡುತ್ತಾ ಬಲ ಅಂಚಿಗೆ ಬಂದವರು ಅಲ್ಲೇ ನಿಂತರು.

“ಇದೇನ್ರೀ ಇದು, ಮರದ ಪಕ್ಕ? ಕೇಸರಿ ಬಣ್ಣ. ಪಟ್ಟೆ ಬೇರೆ ಇದೆ.”

“ಸರೀರಿ, ಸರೀರಿ,” ಎನ್ನುತ್ತಾ ಬಂದವರು ಕಂಪಾಸು. ಕಚೇರಿಯ ಹಿರಿಯ ಸರ್ವೇಯರು, ಕೊರಳಲ್ಲಿ ಸದಾ ದಿಕ್ಸೂಚಿ. ಅವರಿಗೆ ಗೊತ್ತಿಲ್ಲದ ಬೆಟ್ಟ ಇಲ್ಲ, ಅಥವಾ ಗೊತ್ತಿಲ್ಲ ಎಂದು ಅವರು ಹೇಳಿದ ಬೆಟ್ಟ ಇಲ್ಲ. ಭೂತಗನ್ನಡಿ ಹಿಡಿದು ಬಗ್ಗಿದರು.

“ಬಾಲ.”

“ಯಾರದು ಸಾರ್?” ಎಂದ ಅಲ್ಪವಿರಾಮ. ದನಿ ಹೊರಗೆ ಬಂತೋ ಇಲ್ಲವೋ ಅವನಿಗೇ ಅನುಮಾನ.

“ನಿಮ್ಮದಲ್ಲವಲ್ಲ, ಸದ್ಯ! ತಡೀರಿ, ಅಳತೆ ತೆಗೀತೀನಿ.” ಸ್ಕೇಲು ಇಟ್ಟರು. “ಈ ಮರ ಏನಿಲ್ಲಾಂದ್ರೂ ಮೂವತ್ತಡಿ. ಬಾಲ ಮರದ ಮೂರರಷ್ಟಿದೆ. ಅಂದ್ರೆ ತೊಂಬತ್ತಡಿ ಬಾಲ.”

“ತೊಂಬತ್ತಡಿ ಬಾಲ ಇರೋ ಪ್ರಾಣಿ ಯಾವುದಿದೆ ಸಾರ್?” ಎಂದರು ಬಣ್ಣದ ಅಕ್ಕ.

“ಇಲ್ಲ. ಅದಕ್ಕೇ ಹೇಳ್ತಿರೋದು, ಮರ ದೂರ, ಪ್ರಾಣಿ ಹತ್ತಿರ. ಬಾಲ ಮೂರಡಿ ಅಂತ ಇಟ್ಕೊಂಡ್ರೆ ಅದು ಕ್ಯಾಮೆರಾದಿಂದ…” ಕಾಗದದ ಮೇಲೆ ಗುಣಿಸಿದರು, ಭಾಗಿಸಿದರು, ಮುಖ ಬಿಳುಚಿಕೊಂಡಿತು. “ಎಂಟು ಹೆಜ್ಜೆ! ರೀ ಅಲ್ಪವಿರಾಮ, ಎಂಟೇ ಹೆಜ್ಜೆ ಕಣ್ರೀ! ಇದು ಬೆಕ್ಕಿನ ಜಾತಿಗೆ ಸೇರಿದ ಪ್ರಾಣಿ. ಬೇಕಾದ್ರೆ ಬರೆದು ಕೊಡ್ತೀನಿ!”

ಅವರು ಹದಿನೈದು ವರ್ಷದಲ್ಲಿ ಹೇಳಿದ ಮಾತುಗಳಲ್ಲಿ ಅಷ್ಟು ನಿಜವಾದ ಮಾತು ಇನ್ನೊಂದಿರಲಿಲ್ಲ.

ಮೇಡಂ ಅಲ್ಪವಿರಾಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಹೊಸಬನನ್ನು ನೋಡುವ ಹಾಗೆ. “ನೀವು ಅದನ್ನ ನೋಡಿದ್ರಾ?”

“ನೋಡಿದೆ ಮೇಡಂ.”

“ಹೆದರಿಕೆ ಆಗಲಿಲ್ವಾ?”

“ಇಲ್ಲ ಮೇಡಂ. ದಿನಾ…” ಎಂದವನು ನಾಲಿಗೆ ಕಚ್ಚಿಕೊಂಡ.

“ದಿನಾ ಏನು?”

“ದಿನಾ ಅಲ್ಲೇ ಓಡಾಡಿಕೊಂಡಿರುತ್ತೇನೋ ಪಾಪ, ಅನ್ನಿಸ್ತು.”

“ಪಾಪ ಅಂತೆ!” ಬಣ್ಣದ ಅಕ್ಕ ಕೆನ್ನೆಯ ಮೇಲೆ ಕೈ ಇಟ್ಟುಕೊಂಡರು. “ಮೆಟ್ಟಿಲು ಹತ್ತೋವಾಗ ನಿಂತು ನಿಂತು ಬರ್ತಾರೆ ಅಂತ ನಾವು ನಗ್ತಿದ್ವಿ. ಇಂಥ ಗುಂಡಿಗೆ ಹೊತ್ಕೊಂಡು ಬರಬೇಕಲ್ಲ, ಭಾರ ಇರುತ್ತೆ!”

ಹನ್ನೊಂದರ ಹೊತ್ತಿಗೆ ಅವನು ಕಚೇರಿಯ ವೀರನಾಗಿದ್ದ. ಕೆಳಗಿನ ಮಹಡಿಯವರು ಬಂದು ಕೈ ಕುಲುಕಿಹೋದರು. ಮೇಡಂ ಮಾತ್ರ ವೀರರಸದಲ್ಲಿ ಮುಳುಗುವವರಲ್ಲ. “ಜನ ಹೋಗೋ ದಾರಿ. ಪ್ರಾಣಿ ಇದ್ರೆ ಎಚ್ಚರಿಕೆ ಅಚ್ಚು ಹಾಕಬೇಕು. ಯಾರಾದ್ರೂ ಹೋಗಿ ನೋಡಿಬರಲಿ,” ಎಂದರು.

“ನನ್ನ ಭಾವಮೈದ ಅಲ್ಲೇ ಫಾರೆಸ್ಟ್ ಗಾರ್ಡ್,” ಎಂದರು ಕಂಪಾಸು, ಆಗಲೇ ಫೋನ್ ಕಿವಿಗಿಟ್ಟುಕೊಂಡು. “ಹಲೋ… ಏಳಯ್ಯ ಮೇಲೆ! ಡ್ಯೂಟಿ ಟೈಮಲ್ಲಿ ಏನು ನಿದ್ದೆ? ಫೋಟೋ ಕಳಿಸಿದೀನಿ, ಮೂರಡಿ ಬಾಲದ ಪ್ರಾಣಿ. ಹನ್ನೊಂದನೇ ದಾರಿ ಹತ್ತಿ, ತುದಿವರೆಗೂ ನೋಡಿ, ನಾಲ್ಕು ಗಂಟೆಯೊಳಗೆ ಹೇಳು.”

ಅಲ್ಪವಿರಾಮ ತನ್ನ ಮೇಜಿಗೆ ಹೋಗಿ ಕೂತ. ಗಾರ್ಡ್ ಹೋಗುತ್ತಾನೆ, ಪ್ರಾಣಿ ಕಾಣುವುದಿಲ್ಲ, ಇಲ್ಲ ಎನ್ನುತ್ತಾನೆ, ಪ್ರಾಣಿಗಳು ಒಂದೇ ಕಡೆ ಇರುತ್ತವೆಯೇ? ಅಲ್ಲಿಗೆ ಮುಗಿಯಿತು. ಹೀಗೆ ಲೆಕ್ಕ ಹಾಕಿ ಸ್ವಲ್ಪ ಉಸಿರು ಬಿಟ್ಟ. ಆಗ ಬಣ್ಣದ ಅಕ್ಕ ಹನ್ನೊಂದನೇ ದಾರಿಯ ಹಾಳೆ ತಂದು ಮುಂದಿಟ್ಟರು.

ಅರ್ಧ ದಾರಿಯಲ್ಲಿ ಒಂದು ಕಂದರವಿದೆ. ಹಳೆಯ ನಕ್ಷೆಯಲ್ಲಿ ದಾರಿ ಅದರ ಅಂಚು ಹಿಡಿದು ಸುತ್ತಿಕೊಂಡು ಹೋಗುತ್ತಿತ್ತು, ಮೂರು ಗಂಟೆಯ ಸುತ್ತು. ಹೊಸ ಹಾಳೆಯಲ್ಲಿ ಸುತ್ತುದಾರಿಯೇ ಇಲ್ಲ. ದಾರಿ ಬಾಣದ ಹಾಗೆ ನೇರ ಹೋಗಿ ಕಂದರವನ್ನು ದಾಟಿತ್ತು.

“ಈ ಸೇತುವೆ ಎಲ್ಲಿಂದ ಬಂತಕ್ಕಾ?”

“ನಿಮ್ಮ ಮೂರನೇ ಫೋಟೋದಿಂದ. ಎಷ್ಟು ಚೆನ್ನಾಗಿ ಕಾಣ್ತಿದೆ! ಹಳೇ ಸುತ್ತು ಅಳಿಸಿಬಿಟ್ಟಿದೀನಿ.”

“ಅಲ್ಲಿ… ಮೊದಲು ಸೇತುವೆ ಇರಲಿಲ್ವಲ್ಲ?”

“ಇರಲಿಲ್ಲ ಅಂತ ಯಾರಂದ್ರು?” ಕಂಪಾಸು ತಮ್ಮ ಕುರ್ಚಿಯಿಂದಲೇ ಹೇಳಿದರು. “ಹೋದ ವರ್ಷವೇ ಕೆಲಸ ಶುರುವಾಗಿತ್ತು. ಕಂಬ ನೆಡೋವಾಗ ನಾನು ಅಲ್ಲೇ ಇದ್ದೆ.”

ಬಣ್ಣದ ಅಕ್ಕ ಕುಂಚ ತೊಳೆಯುತ್ತಾ, “ಈ ಭಾನುವಾರ ಮೊಮ್ಮಗಳನ್ನ ಕರ್ಕೊಂಡು ನಾನೂ ಹೊರಟೆ. ಇಷ್ಟು ವರ್ಷ ಬಣ್ಣ ಹಾಕಿದ್ದೇ ಬಂತು, ಈ ಮಂಡಿ ಇಟ್ಕೊಂಡು ಆ ಸುತ್ತು ಯಾರು ಹಾಕ್ತಾರೆ ಅಂತ ಹೋಗೇ ಇಲ್ಲ. ಈಗ ಸೇತುವೆ ಆಯ್ತಲ್ಲ, ಪುಟ್ಟಿಗೆ ಬೂಟೂ ತಂದೆ,” ಎಂದರು.

ಅಲ್ಪವಿರಾಮನ ಕಣ್ಣ ಮುಂದೆ ಬಂದದ್ದು ಮಧ್ಯಾಹ್ನದ ಬಿಸಿಲು, ಕಂದರದ ಅಂಚು, ಖಾಲಿಯಾದ ನೀರಿನ ಬಾಟಲಿ, ಹೊಸ ಬೂಟಿನ ಪುಟ್ಟಿ, ನಕ್ಷೆಯನ್ನು ಹೀಗೂ ಹಾಗೂ ತಿರುಗಿಸುತ್ತಾ ಇಲ್ಲದ ಸೇತುವೆಯನ್ನು ಹುಡುಕುತ್ತಿರುವ ಬಣ್ಣದ ಅಕ್ಕ. ಇಷ್ಟು ಹೊತ್ತು ಹೋಗುತ್ತಿದ್ದದ್ದು ಅವನ ಮಾನ ಒಂದೇ. ಈಗ ಹಾಗಲ್ಲ.

ಊಟದ ಹೊತ್ತಿಗೆ ಮನೆಗೆ ಓಡಿದ. ಎರಡು ಸ್ಟಾಪಿನ ದೂರ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ ಹೆಂಡತಿ ತಲೆ ಎತ್ತದೆ, “ರೀ, ಮೇಲೆ ಹೋದ್ರೆ ಮಾವನ್ನ ಕೇಳಿ, ನನ್ನ ಹೇರ್‌ಪಿನ್ನು ಎರಡು ಕಾಣ್ತಿಲ್ಲ,” ಎಂದಳು.

ಮೆಟ್ಟಿಲ ಮೇಲೆ ಒಂದೇ ಕಡೆ ನಿಂತು, ಹಲಗೆಯಡಿ ತೂರಿ ಒಳಗೆ ತಲೆ ಎತ್ತಿದ. “ಅಪ್ಪಾ, ಈ ಸೇತುವೆ…”

“ಶ್! ಒಂದು ಇಪ್ಪತ್ತರ ಗೂಡ್ಸು ಹೋಗೋವರೆಗೂ ಮಾತಿಲ್ಲ.”

ಅಪ್ಪನ ಕೈಯಲ್ಲಿ ಹಸಿರು ಬಾವುಟ, ಹೊಲಿಗೆಯ ಚೂರಿನದು. ಪ್ಲಾಟ್‌ಫಾರಮ್ಮಿನ ಮೇಲೆ ಎಂದಿನಂತೆ ಅದೇ ಹನ್ನೆರಡು ಪ್ರಯಾಣಿಕರು: ಪೆಟ್ಟಿಗೆ ಹಿಡಿದವನು, ಪೇಪರು ಓದುವವನು, ಸೊಂಟದ ಮೇಲೆ ಕೈ ಇಟ್ಟುಕೊಂಡ ಕೆಂಪು ಟೋಪಿಯವಳು. ಮೂರು ವರ್ಷದಿಂದ ಎಷ್ಟು ರೈಲು ಬಂದು ಹೋದರೂ ಯಾರೂ ಹತ್ತಿರಲಿಲ್ಲ. ಗೂಡ್ಸು ಬಂದು, ಶಿಸ್ತಾಗಿ ನಿಂತು, ಹೊರಟು, ಸುರಂಗದೊಳಗೆ ಹೋಯಿತು. ಅಪ್ಪ ಗಡಿಯಾರ ನೋಡಿ ಪುಸ್ತಕದಲ್ಲಿ ಗುರುತು ಹಾಕಿಕೊಂಡರು.

“ಹ್ಞೂಂ, ಈಗ ಹೇಳು.”

“ಈ ಸೇತುವೆ ಯಾಕೆ ಹಾಕಿದ್ರಿ? ಅಲ್ಲಿ ಸೇತುವೆ ಇಲ್ಲ!”

“ಯಾಕೆ ಹಾಕಿದ್ರಿ ಅಂದ್ರೆ? ನಿಮ್ಮ ಮ್ಯಾಪಲ್ಲಿದೆ, ಹಾಕಿದೆ. ನನ್ನ ಸ್ವಂತದ್ದು ಅಂತ ಒಂದು ಕಲ್ಲೂ ಇಟ್ಟಿಲ್ಲ ಈ ಬೆಟ್ಟದಲ್ಲಿ.” ಅಪ್ಪನಿಗೆ ನಿಜಕ್ಕೂ ಬೇಸರವಾಗಿತ್ತು. ಮೊಳೆಗೆ ಸಿಕ್ಕಿಸಿದ್ದ ಹಳೆಯ ಪ್ರೂಫ್ ಹಾಳೆ ತೆಗೆದು ಬೆರಳಿಟ್ಟರು. “ನೋಡು. ಕೆಂಪು ಶಾಯೀಲಿ ಎಷ್ಟು ನೀಟಾಗಿ ಹಾಕಿದಾರೆ, ಮೇಲೊಂದು ಕಮಾನು, ಕೆಳಗೊಂದು ಕಮಾನು. ಯಾರೋ ಕೆಲಸ ಗೊತ್ತಿರೋರು.”

ಅಲ್ಪವಿರಾಮ ನೋಡಿದ. ಕೆಂಪು ಶಾಯಿ ಅವನದೇ. ಕಂದರದ ಮೇಲೆ ಅಚ್ಚಾಗಿದ್ದ ‘ಕಂದರ’ ಎಂಬ ಹೆಸರು ನಡುವೆ ಒಡೆದು ‘ಕಂ ದರ’ ಎಂದಾಗಿತ್ತು. ಅಕ್ಷರ ದೂರವಾದರೆ ಪ್ರೂಫ್ ನೋಡುವವರು ಮೇಲೆ ಕೆಳಗೆ ಎರಡು ಪುಟ್ಟ ಕಮಾನು ಹಾಕುತ್ತಾರೆ, ಕೂಡಿಸಿ ಎಂದು ಅರ್ಥ. ಅವನು ಹಾಕಿದ್ದ.

“ಅಪ್ಪಾ, ಇದು ಸೇತುವೆ ಅಲ್ಲಪ್ಪಾ. ಇದು ಕೂಡಿಸಿ ಅನ್ನೋ ಗುರುತು!”

“ಕೂಡಿಸಿದೀನಲ್ಲೋ!” ಎಂದರು ಅಪ್ಪ. “ಈ ದಡಕ್ಕೂ ಆ ದಡಕ್ಕೂ.”

ಅವನು ಕೂಡಿಸಿದ್ದು ಅಕ್ಷರ, ಅಪ್ಪ ಕೂಡಿಸಿದ್ದು ಕಂದರ. ಗೂಡ್ಸು ಸುರಂಗದ ಆಚೆ ಬಾಯಿಂದ ಹೊರಬಂತು. ಅಪ್ಪ ಆ ಕಡೆ ತಿರುಗಿದರು. ತಪ್ಪು ಕಂಡರೆ ತೆಗೆಯುವುದು ಅಲ್ಪವಿರಾಮನ ಕೈಗೆ ಅಭ್ಯಾಸ. ಅವನ ಬೆರಳುಗಳು ಮುಂದೆ ಹೋಗಿ ಸೇತುವೆಯನ್ನು ಕಿತ್ತು ಜೇಬಿಗೆ ಹಾಕಿದವು. ಅದು ಅವನಿಗೇ ಗೊತ್ತಾದದ್ದು ಬಸ್ಸಿನಲ್ಲಿ ಕೂತು ಅದು ತೊಡೆಗೆ ಚುಚ್ಚಿದಾಗ.

ಕಚೇರಿಗೆ ಮರಳಿದವನಿಗೆ ಒಂದು ಉಪಾಯ ಹೊಳೆದಿತ್ತು. ಕೊನೆಯ ಪ್ರೂಫ್ ನೋಡುವುದು ಅವನೇ ತಾನೇ? ಒಂದು ಗೀಟು ಸಾಕು. ಹಾಳೆ ಬಂತು. ಸೇತುವೆಯ ಮೇಲೆ ‘ತೆಗೆಯಿರಿ’ ಗುರುತು ಹಾಕಿದ, ಸುತ್ತುದಾರಿಯನ್ನು ಕೆಂಪಿನಲ್ಲಿ ಬರೆದ, ಯಾರಿಗೂ ಹೇಳದೆ ಮುಂದಕ್ಕೆ ಕಳಿಸಿದ. ಹದಿನೈದು ನಿಮಿಷದಲ್ಲಿ ಹಾಳೆ ವಾಪಸು ಬಂತು. ಅವನ ಗೀಟಿನ ಕೆಳಗೆ ನೀಲಿ ಚುಕ್ಕಿಗಳ ಸಾಲು: ‘ತಿದ್ದಬೇಡಿ, ಇದ್ದ ಹಾಗೇ ಇರಲಿ’. ಪಕ್ಕದಲ್ಲಿ ಕಂಪಾಸು ಸಹಿ.

“ರೀ, ನೀವೇ ಕಂಡುಹಿಡಿದ ಸೇತುವೆ, ನೀವೇ ತೆಗೀತೀರಲ್ಲ!” ಕಂಪಾಸು ಬೆನ್ನು ತಟ್ಟಿದರು. “ವಿನಯ ಇರಬೇಕು ಕಣ್ರೀ, ಸೇತುವೆ ಮುರಿಯೋ ಅಷ್ಟು ಇರಬಾರದು.”

ಮತ್ತೆ ತೆಗೆದ. ಮತ್ತೆ ಚುಕ್ಕಿ ಬಂತು. ಮೂರನೇ ಸಲ ಹಾಳೆ ಮೇಡಂ ಕೈ ಸೇರಿತು. ನಾಲ್ಕಕ್ಕೆ ಐದು ನಿಮಿಷವಿರುವಾಗ ಒಳಗಿನಿಂದ ಕರೆ ಬಂತು. ಕಂಪಾಸು ಆಗಲೇ ಅಲ್ಲಿದ್ದರು. ಬಾಗಿಲಲ್ಲಿ ಬಣ್ಣದ ಅಕ್ಕ.

“ಏನ್ರೀ ಇದು? ಒಬ್ಬರು ಕಟ್ತೀರಿ, ಒಬ್ಬರು ಕೆಡವ್ತೀರಿ. ಸೇತುವೆ ಇದೆಯೋ ಇಲ್ವೋ?”

ಅಲ್ಪವಿರಾಮ ಒಮ್ಮೆ ಬಣ್ಣದ ಅಕ್ಕನ ಮಂಡಿ ನೋಡಿದ. ಉಸಿರು ಎಳೆದುಕೊಂಡ. “ಇಲ್ಲ ಮೇಡಂ. ನಾನು…”

ಫೋನು ಹೊಡೆದುಕೊಂಡಿತು. ಕಂಪಾಸು ಗೆಲುವಿನಿಂದ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು. ಫಾರೆಸ್ಟ್ ಗಾರ್ಡಿನ ದನಿ ಕೋಣೆ ತುಂಬಿತು. “ಭಾವಾ, ಹತ್ತಿ ಇಳಿದೆ. ಕಾಲು ಬಿದ್ದುಹೋಯ್ತು ನೋಡಿ. ಫೋಟೋದಲ್ಲಿ ಹೆಂಗಿದೆಯೋ ಹಂಗೇ ಇದೆ ಎಲ್ಲಾ.”

“ಸೇತುವೆ?”

“ಭರ್ಜರಿ ಸೇತುವೆ! ಮೇಲೆ ನಿಂತು ಕುಣಿದು ನೋಡಿದೆ, ಅಲ್ಲಾಡಲಿಲ್ಲ.”

“ಪ್ರಾಣಿ?”

“ಅಯ್ಯೋ, ಅದನ್ನೇ ಹೇಳೋಕೆ ಹೊರಟೆ. ಕಣ್ಣಾರೆ ಕಂಡೆ! ಮೂರಡಿ ಬಾಲ, ನೀವು ಹೇಳಿದಷ್ಟೇ, ಒಂದಂಗುಲ ಹೆಚ್ಚಿಲ್ಲ ಕಮ್ಮಿ ಇಲ್ಲ. ನನ್ನ ನೋಡಿ ಗುರ್ ಅಂತು.”

ಕಂಪಾಸು ಫೋನ್ ಆರಿಸಿ, ಎದೆ ಮುಂದೆ ಮಾಡಿ, “ಇನ್ನೇನು ಬೇಕು?” ಎನ್ನುವಂತೆ ಎಲ್ಲರನ್ನೂ ನೋಡಿದರು.

ಅಲ್ಪವಿರಾಮ ಕ್ಷಣಕಾಲ ತೂಗಿದ. ಸುಮ್ಮನಿದ್ದರೆ ಅವನು ವೀರ. ಸರಕಾರದ ಸಾಕ್ಷಿಯೇ ಇದೆ. ಯಾರೂ ಅವನನ್ನು ಕೇಳುವುದಿಲ್ಲ. ಭಾನುವಾರದವರೆಗೆ. ಜೇಬಿಗೆ ಕೈ ಹಾಕಿದ, ಸೇತುವೆ ತೆಗೆದು ಮೇಡಂ ಮೇಜಿನ ಮೇಲಿಟ್ಟ.

“ಸೇತುವೆ ಇದು ಮೇಡಂ. ಬೆಂಕಿಕಡ್ಡಿ, ನನ್ನ ಹೆಂಡತಿಯ ಹೇರ್‌ಪಿನ್ನು. ಬೆಟ್ಟ ನಮ್ಮಪ್ಪನ ರೈಲಿನದು, ಗಾರೆ ಮೆತ್ತಿದ್ದು. ಅವರು ಕಂಡ ಪ್ರಾಣಿ ಈಗ ನಮ್ಮನೆ ಕಿಟಕೀಲಿ ಮಲಗಿದೆ. ನಾನು ಹನ್ನೊಂದನೇ ದಾರೀಲಿ ಹನ್ನೊಂದು ಹೆಜ್ಜೆನೂ ಇಟ್ಟಿಲ್ಲ.”

ಮೇಡಂ ಭೂತಗನ್ನಡಿ ತೆಗೆದುಕೊಂಡು ಒಮ್ಮೆ ಫೋಟೋ, ಒಮ್ಮೆ ಮೇಜಿನ ಮೇಲಿನ ಸೇತುವೆ ನೋಡಿದರು. ಹೇರ್‌ಪಿನ್ನಿನ ಡೊಂಕು ಎರಡರಲ್ಲೂ ಒಂದೇ. “ಬಣ್ಣ ಹಚ್ಚೋ ಮುಂಚೆ ಉಪ್ಪುಕಾಗದ ಹಾಕಿ ಉಜ್ಜಬೇಕಿತ್ತು,” ಎಂದು ತಮ್ಮಷ್ಟಕ್ಕೇ ಅಂದರು. ಆಮೇಲೆ ಕನ್ನಡಿ ಕೆಳಗಿಟ್ಟರು.

“ಬೆಟ್ಟ ಅಗೆದು ಇಲಿ ಹಿಡಿದರು ಅಂತ ಕೇಳಿದ್ದೆ. ಬೆಕ್ಕು ಹಿಡಿದದ್ದು ಇದೇ ಮೊದಲು. ಹಾಗಾದ್ರೆ ನಿಮ್ಮ ಭಾವಮೈದ ಯಾವ ಸೇತುವೆ ಮೇಲೆ ಕುಣಿದ್ರು, ಕಂಪಾಸು ಅವರೇ? ನೀವು ಕಂಬ ನೆಡೋವಾಗ ಎಲ್ಲಿ ನಿಂತಿದ್ರಿ?”

ಕಂಪಾಸು ದಿಕ್ಸೂಚಿಯನ್ನು ನೋಡಿಕೊಂಡರು. ಅದರಲ್ಲಿ ಉತ್ತರ ಒಂದು ಇತ್ತು, ಆದರೆ ಈ ಪ್ರಶ್ನೆಗಲ್ಲ.

“ಅಕ್ಕಾ, ಹಳೇ ಸುತ್ತುದಾರಿ ಹಾಕಿ,” ಎಂದರು ಮೇಡಂ. “ಮುಖಪುಟ ಬದಲಾಗಲಿ, ಒಂದನೇ ದಾರಿ ಫೋಟೋನೇ ಇರಲಿ, ಅದಾದ್ರೂ ನಡೆದು ತೆಗೆದದ್ದು. ಅಲ್ಪವಿರಾಮ, ಕಂಪಾಸು, ಆ ಭಾವಮೈದ, ನೀವು ಮೂರು ಜನ ನಾಳೆ ಬೆಳಿಗ್ಗೆ ಐದೂವರೆಗೆ ಹನ್ನೊಂದನೇ ದಾರಿ ಹತ್ತುತ್ತೀರಿ. ಸುತ್ತು ಸಮೇತ. ಸೋಮವಾರ ವರದಿ ಬೇಕು. ಮೊಹರು ನನ್ನ ಹತ್ರ ಇರುತ್ತೆ.”

ಬಣ್ಣದ ಅಕ್ಕ ಹೋಗುವಾಗ ಅಲ್ಪವಿರಾಮನ ಮೇಜಿನ ಬಳಿ ನಿಂತರು. ಬೈಯುತ್ತಾರೆ ಅಂದುಕೊಂಡ. “ಪುಟ್ಟಿ ಬೂಟು ಮುಂದಿನ ವರ್ಷಕ್ಕೆ ಚಿಕ್ಕದಾಗುತ್ತೆ,” ಎಂದಷ್ಟೇ ಹೇಳಿ ಹೋದರು. ಅದು ಬೈಗುಳಕ್ಕಿಂತ ಹೆಚ್ಚು ಹೊತ್ತು ಉಳಿಯಿತು.

ಸಂಜೆ ಮನೆಗೆ ಬಂದಾಗ ಅವನ ಚೀಲದಲ್ಲಿ ಎಂದಿನಂತೆ ಅಂದಿನ ರದ್ದಿ ಇತ್ತು. ಎಲ್ಲವನ್ನೂ ಅಪ್ಪನ ಮುಂದೆ ಹೇಳಿದ. ಅಪ್ಪನ ತಲೆಗೆ ಹತ್ತಿದ್ದು ಒಂದೇ ಮಾತು, ಸೇತುವೆ ಮೇಡಂ ಮೇಜಿನ ಮೇಲೇ ಉಳಿದಿದೆ ಎನ್ನುವುದು. ಸಿಟ್ಟಿನಿಂದ ರದ್ದಿಯ ಹಾಳೆಗಳನ್ನು ಮಗುಚುತ್ತಿದ್ದವರು ಹೊಸ ಮುಖಪುಟದ ಪ್ರೂಫ್ ಬಂದಾಗ ನಿಲ್ಲಿಸಿದರು. ಕಣ್ಣಿಗೆ ಗಡಿಯಾರದವರ ಮಸೂರ ಸಿಕ್ಕಿಸಿಕೊಂಡರು.

“ಒಳ್ಳೇ ಕೆಲಸ. ತೊರೆಗೆ ಮೂರು ಕೈ ವಾರ್ನಿಷ್ ಹೊಡೆದಿದಾರೆ. ಯಾರದು ಈ ರೈಲು?”

“ರೈಲಲ್ಲಪ್ಪಾ, ಅದು ನಿಜವಾದ ಬೆಟ್ಟ. ತುದೀಲಿ ನಿಂತಿರೋದು ನಮ್ಮ ಮೇಡಂ.”

“ಇವಳಾ?” ಅಪ್ಪ ಚಿಮಟ ತೆಗೆದುಕೊಂಡು ಪ್ಲಾಟ್‌ಫಾರಮ್ಮಿನ ಕಡೆ ಕೈ ಚಾಚಿದರು. ಪೇಪರು ಓದುವವನ ಪಕ್ಕದಿಂದ ಒಂದು ಬೊಂಬೆ ಎತ್ತಿ ಹಾಳೆಯ ಮೇಲೆ ಫೋಟೋದ ಪಕ್ಕದಲ್ಲಿಟ್ಟರು. ಕೆಂಪು ಟೋಪಿ. ಸೊಂಟದ ಮೇಲೆ ಒಂದು ಕೈ. “ಇವಳು ಹನ್ನೆರಡರ ಪ್ಯಾಕೆಟ್ಟಲ್ಲಿ ಬರ್ತಾಳೆ ಕಣೋ.”

ಅಲ್ಪವಿರಾಮ ಬಗ್ಗಿ ನೋಡಿದ. ಬೊಂಬೆ ನೋಡಿದ, ಫೋಟೋ ನೋಡಿದ. ಹದಿನಾಲ್ಕು ವರ್ಷ ಆ ಫೋಟೋದ ಮುಂದೆ ತಲೆ ತಗ್ಗಿಸಿಕೊಂಡು ನಿಂತವನಿಗೆ ತಲೆ ತಾನಾಗಿಯೇ ಮೇಲೆದ್ದಿತು. ನಾಳೆ ಬೆಟ್ಟ ಹತ್ತಬೇಕಾಗಿಲ್ಲ. ಒಂದು ಮಾತು, ಒಂದೇ ಮಾತು ಸಾಕು.

ಕೆಳಗೆ ಬಾಗಿಲು ಬಡಿದ ಸದ್ದಾಯಿತು. “ರೀ, ನಿಮ್ಮ ಮೇಡಂ ಬಂದಿದಾರೆ!” ಎಂದಳು ಹೆಂಡತಿ.

ಮೇಡಂ ಮೆಟ್ಟಿಲು ಹತ್ತಿ, ಸೀರೆ ಎತ್ತಿ ಕಟ್ಟಿ, ಹಲಗೆಯಡಿ ತೂರಿ ಈ ಕಡೆ ಎದ್ದರು, ಇಂಥ ಹಲಗೆಗಳಡಿ ಎಷ್ಟೋ ವರ್ಷ ತೂರಿದವರ ಹಾಗೆ. ಒಂದು ಕೈಯಲ್ಲಿ ಸೇತುವೆ, ಉಜ್ಜಿ ಹೊಸ ಬಣ್ಣ ಹಚ್ಚಿದ್ದು. ಇನ್ನೊಂದರಲ್ಲಿ ಬೂಟಿನ ಡಬ್ಬಿ.

“ಸೇತುವೆ ಕೊಟ್ಟುಹೋಗೋಣ ಅಂತ ಬಂದೆ. ಹಾಗೇ ಮನೇಲಿ ಒಂದಿಷ್ಟು ಮರ ಮಿಕ್ಕಿದ್ವು.”

ಅಪ್ಪ ಡಬ್ಬಿ ತೆರೆದು, ಒಂದು ಮರವನ್ನು ಬೆಳಕಿಗೆ ಹಿಡಿದು, ತಮ್ಮ ಪಕ್ಕದ ಸ್ಟೂಲನ್ನು ಒರೆಸಿದರು. ಅದು ಅಲ್ಪವಿರಾಮನ ಸ್ಟೂಲು. “ಕೂತ್ಕೊಳ್ಳಿ. ಕೆಳಗಿನ ಸ್ಟೇಷನ್ನು ನೋಡಿಕೊಳ್ಳೋಕೆ ಜನ ಇಲ್ಲ. ಇವನು ನಾಳೆ ಇರಲ್ವಂತಲ್ಲ?”

“ಇರಲ್ಲ,” ಎಂದರು ಮೇಡಂ, ಹಸಿರು ಬಾವುಟ ತೆಗೆದುಕೊಳ್ಳುತ್ತಾ.

ಅಲ್ಪವಿರಾಮ ಗಂಟಲು ಸರಿ ಮಾಡಿಕೊಂಡು, ಮುಖಪುಟದ ಮೇಲೆ ನಿಂತಿದ್ದ ಕೆಂಪು ಟೋಪಿಯವಳನ್ನು ಬೆರಳಿನಿಂದ ಮೆಲ್ಲಗೆ ಮೇಡಂ ಕಡೆ ತಳ್ಳಿದ. “ಮೇಡಂ, ಆ ಒಂದನೇ ದಾರಿ…”

ಮೇಡಂ ಬೊಂಬೆಯನ್ನು ನೋಡಿದರು. ಅವನನ್ನು ನೋಡಿದರು. ಬೊಂಬೆಯನ್ನು ಎತ್ತಿ ಪ್ಲಾಟ್‌ಫಾರಮ್ಮಿನ ಮೇಲೆ ಅದರ ಜಾಗದಲ್ಲಿ ನಿಲ್ಲಿಸಿದರು.

“ಒಳ್ಳೇದು ನೆನಪು ಮಾಡಿದ್ರಿ. ಅದನ್ನೂ ಯಾರಾದ್ರೂ ನಡೆದು ನೋಡಬೇಕು, ನಿಜ. ಹನ್ನೊಂದನೇದರ ಪಕ್ಕದಲ್ಲೇ ಇದೆ. ಅದನ್ನ ಇಳಿದು ಹಾಗೇ ಇದನ್ನೂ ಹತ್ತಿ ಬಂದ್ಬಿಡಿ.” ದನಿ ತಗ್ಗಿಸಿದರು. “ಕಂಪಾಸುಗೆ ಹೇಳಬೇಡಿ. ಒಬ್ಬರೇ ಹೋಗಿ.”

ಅಲ್ಪವಿರಾಮ ಅಪ್ಪನ ಕಡೆ ನೋಡಿದ. ಹೆತ್ತವರಲ್ಲವೇ, ಏನಾದರೂ ಹೇಳಿಯಾರು ಎಂದು.

ಅಪ್ಪ ಸೇತುವೆಯನ್ನು ಕಂದರದ ಮೇಲಿಟ್ಟು, ತಲೆ ಓರೆ ಮಾಡಿ ನೋಡುತ್ತಿದ್ದರು. ಉಜ್ಜಿದ್ದರಲ್ಲಿ ತುದಿ ಸವೆದು ಅದು ಒಂದು ದಡವನ್ನು ಸರಿಯಾಗಿ ಮುಟ್ಟುತ್ತಿರಲಿಲ್ಲ.

“ಹೋಗ್ತಿದೀಯಲ್ಲ,” ಎಂದರು, ಮೇಜಿನ ಡ್ರಾಯರಿನಿಂದ ಅಳತೆ ಟೇಪು ತೆಗೆದು ಅವನ ಕೈಗೆ ಕೊಡುತ್ತಾ, “ಆ ಕಂದರದ ಅಗಲ ಎಷ್ಟಿದೆ ಅಂತ ಸರಿಯಾಗಿ ಅಳೆದುಕೊಂಡು ಬಾ. ಅಂದಾಜಲ್ಲಿ ಹೇಳಬೇಡ.”